ಚಾರ್ಜ್ ಆಗ್ತದ ಅಂದ್ರ ಚಾರ್ಜರ್ ಸರಿ ಅದ ಅಂತಲ್ಲ

ರಾಯಚೂರಿನ ಒಂದು ಬಾಡಿಗೆ ಕೋಣೆ, ಮೇ ತಿಂಗಳು. ಲ್ಯಾಪ್‌ಟಾಪ್ ಮಂಚದ ಮೇಲೆ, ಚಾರ್ಜರಿನ ಡಬ್ಬಿ ಹಾಸಿಗೆಗೂ ಗೋಡೆಗೂ ನಡುವಿನ ಸಂದಿಯಲ್ಲಿ. ಮಧ್ಯಾಹ್ನದ ಹೊತ್ತಿಗೆ ಸುಟ್ಟ ವಾಸನೆ ಬಂತು. ಹುಡುಗ ಮೊದಲು ಬೋರ್ಡಿನ ಸ್ವಿಚ್ ಆರಿಸಿದ, ಆಮೇಲೆ ಪ್ಲಗ್ ಕಿತ್ತ. ಆ ಕ್ರಮ ಸರಿಯಿದ್ದದ್ದರಿಂದ ಕೈ ಸುಡಲಿಲ್ಲ. ಹಾಸಿಗೆಯ ಒಂದು ಮೂಲೆ ಕರಕಲಾಯಿತು, ಚಾರ್ಜರಿನ ಪಿನ್ನು ಲ್ಯಾಪ್‌ಟಾಪಿನ ಜ್ಯಾಕ್ ಒಳಗೇ ಕರಗಿ ಕೂತಿತು, ಲ್ಯಾಪ್‌ಟಾಪಿನ ಒಳಗೆ ಜ್ಯಾಕಿನ ಪಕ್ಕದ ಬೋರ್ಡು ಕಪ್ಪಾಯಿತು. ಚಾರ್ಜರಿಗೆ ಕೊಟ್ಟದ್ದು ಐನೂರು ರೂಪಾಯಿ. ಕಂಪನಿ ಮಾಲಿಗೆ ಸಾವಿರದ ಎಂಟುನೂರು ಹೇಳಿದ್ದರಂತೆ.

ಇದು ಒಂದೇ ದಿನದಲ್ಲಿ ಆದದ್ದಲ್ಲ. ಸುಮಾರು ಎರಡು ತಿಂಗಳು ಅದು ಸೂಚನೆ ಕೊಡುತ್ತಲೇ ಇತ್ತು. ಮೊದಲು ಡಬ್ಬಿಯಿಂದ ಸಣ್ಣಗೆ ಗುಂಯ್ ಎನ್ನುವ ಸದ್ದು. ಆಮೇಲೆ ಪಿನ್ನನ್ನು ಒಂದು ಕೋನಕ್ಕೆ ಹಿಡಿದರೆ ಮಾತ್ರ ಚಾರ್ಜ್. ಆಮೇಲೆ ಪಿನ್ನಿನ ಬುಡದ ರಬ್ಬರು ಮೆತ್ತಗಾಗಿ ಉಗುರು ಊರುವಂತಾಯಿತು. ಮಾರಿದವರನ್ನು ಕೇಳಿದಾಗ ಬಂದ ಉತ್ತರ: "ಎಲ್ಲಾ ಚಾರ್ಜರ್ ಬಿಸಿ ಆಗ್ತಾವ್ರಿ, ನಮ್ಮ ಊರಾಗ ಬಿಸಿಲು ನೋಡ್ರಿ ಹೆಂಗದ." ಈ ಮಾತಿನಲ್ಲಿ ಅರ್ಧ ನಿಜವಿದೆ. ಅದಕ್ಕೇ ಅದು ಅಪಾಯಕಾರಿ.

ಬಿಸಿಯಾಗುವುದು ಎಷ್ಟು ಸಹಜ ಎಂದು ಲೆಕ್ಕ ಹಾಕಿ ನೋಡಿ. 65 ವ್ಯಾಟಿನ ಒಳ್ಳೆಯ ಚಾರ್ಜರಿನ ದಕ್ಷತೆ ಸುಮಾರು ಶೇ. 88. ಗೋಡೆಯಿಂದ 74 ವ್ಯಾಟ್ ಎಳೆದು ಲ್ಯಾಪ್‌ಟಾಪಿಗೆ 65 ಕೊಡುತ್ತದೆ, ಉಳಿದ 9 ವ್ಯಾಟ್ ಶಾಖವಾಗಿ ಅಂಗೈ ಅಗಲದ ಮುಚ್ಚಿದ ಡಬ್ಬಿಯಲ್ಲೇ ಉಳಿಯುತ್ತದೆ. ಹಾಗಾಗಿ ಒಳ್ಳೆಯದೂ ಬೆಚ್ಚಗಾಗುತ್ತದೆ. ದಕ್ಷತೆ ಶೇ. 80ಕ್ಕೆ ಇಳಿದರೆ ಅದೇ ಡಬ್ಬಿಯಲ್ಲಿ 16 ವ್ಯಾಟ್. ಬಹುತೇಕ ಅಡಾಪ್ಟರುಗಳ ವಿನ್ಯಾಸ 35ರಿಂದ 40 ಡಿಗ್ರಿಯ ಕೋಣೆಗೆ. ನಮ್ಮಲ್ಲಿ ಮೇ ತಿಂಗಳ ಹಂಚಿನ ಮನೆ, ತಗಡಿನ ಮನೆ ಆ ಮಿತಿಯನ್ನು ಬೆಳಗ್ಗೆ ಹನ್ನೊಂದಕ್ಕೇ ದಾಟಿರುತ್ತವೆ. ಅದರ ಮೇಲೆ ಹಾಸಿಗೆ, ದಿಂಬು, ಚಾದರ. ಒಳಗಿರುವ, ಕರೆಂಟ್ ಕೂಡಿಟ್ಟು ಸಮನಾಗಿ ಬಿಡುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಆಯಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬೆಂಗಳೂರಿನಲ್ಲಿ ನಾಲ್ಕು ವರ್ಷ ಬರುವ ಮಾಲು ಇಲ್ಲಿ ಎರಡಕ್ಕೇ ಕೈಕೊಟ್ಟರೆ ಆಶ್ಚರ್ಯವಿಲ್ಲ.

ಸುಟ್ಟ ಡಬ್ಬಿಯನ್ನು ಬಿಚ್ಚಿದಾಗ ಕಂಡದ್ದು ಇದು. 100ರಿಂದ 240 ವೋಲ್ಟ್‌ವರೆಗೆ ಓಡಬೇಕಾದ 65 ವ್ಯಾಟಿನ ಚಾರ್ಜರಿಗೆ ಮುಖ್ಯ ಕೆಪಾಸಿಟರ್ 100ರಿಂದ 120 ಮೈಕ್ರೋಫ್ಯಾರಡ್ (ಕೂಡಿಡುವ ಸಾಮರ್ಥ್ಯದ ಅಳತೆ) ಬೇಕು, 105 ಡಿಗ್ರಿಯವರೆಗೆ ತಡೆಯುವಂಥದ್ದು. ಅಲ್ಲಿದ್ದದ್ದು 33, ಅದೂ 85 ಡಿಗ್ರಿಯದ್ದು, ತಲೆ ಉಬ್ಬಿತ್ತು. ಕರೆಂಟಿನ ಗದ್ದಲ ಸೋಸುವ ಫಿಲ್ಟರ್ ಕಾಯಿಲ್ ಇರಬೇಕಾದ ಜಾಗದಲ್ಲಿ ಎರಡು ತುಂಡು ತಂತಿ ಬೆಸೆದಿದ್ದರು. ಹೆಚ್ಚು ವೋಲ್ಟೇಜ್ ಬಂದಾಗ ತಾನು ಸತ್ತು ಉಳಿದದ್ದನ್ನು ಕಾಯುವ ವೇರಿಸ್ಟರಿನ ಜಾಗ ಖಾಲಿ. ಔಟ್‌ಪುಟ್ ಕೇಬಲಿನ ಎಳೆಗಳನ್ನು ಬ್ಲೇಡಿನಿಂದ ಕೆರೆದರೆ ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. ಲೇಬಲ್ ಮೇಲೆ ಮಾತ್ರ 19.5 ವೋಲ್ಟ್, 3.33 ಆಂಪಿಯರ್, 65 ವ್ಯಾಟ್ ಎಂದು ಅಚ್ಚುಕಟ್ಟಾಗಿ ಮುದ್ರಿಸಿದ್ದರು.

ಸುಳ್ಳು ಹೇಳಿದ್ದು ಲೇಬಲ್ ಮಾತ್ರವಲ್ಲ, ಪಿನ್ನೂ ಹೇಳಿತು. ನೀಲಿ ತುದಿಯ 4.5 ಮಿಲಿಮೀಟರ್ ಪಿನ್ನುಗಳ ನಡುವೆ ಸೂಜಿಯಂಥ ಒಂದು ಕಡ್ಡಿ ಇರುತ್ತದೆ. ಕರೆಂಟ್ ಹೋಗುವುದು ಅದರಲ್ಲಿ ಅಲ್ಲ, ಅದು ಗುರುತಿನ ಸಿಗ್ನಲ್‌ಗೆ. ಡೆಲ್ ಚಾರ್ಜರುಗಳಲ್ಲಾದರೆ ಒಳಗಿನ ಸಣ್ಣ ಚಿಪ್ "ನಾನು ಇಷ್ಟು ವ್ಯಾಟಿನವ" ಎಂದು ಅದರ ಮೂಲಕ ಲ್ಯಾಪ್‌ಟಾಪಿಗೆ ಹೇಳುತ್ತದೆ. 40 ವ್ಯಾಟಿಗೇ ಏದುಸಿರು ಬಿಡುವ ಡಬ್ಬಿಗೆ 65ರ ಗುರುತು ಹಾಕಿ ಕಳಿಸಿದರೆ ಲ್ಯಾಪ್‌ಟಾಪ್ ನಂಬಿ ಪೂರ್ತಿ ಎಳೆಯುತ್ತದೆ. ಗುರುತೇ ಇಲ್ಲದ ಡೂಪ್ಲಿಕೇಟ್ ಇದಕ್ಕಿಂತ ವಾಸಿ, ಲ್ಯಾಪ್‌ಟಾಪ್ ಅದನ್ನು ಸಂಶಯದಿಂದಲಾದರೂ ನೋಡುತ್ತದೆ.

ಇದರದ್ದೇ ಇನ್ನೊಂದು ಮುಖ: ಆ ಸೂಜಿ ಬಗ್ಗಿದರೆ ಅಥವಾ ಅದರ ಕೂದಲೆಳೆಯ ತಂತಿ ಒಳಗೆ ತುಂಡಾದರೆ ಲ್ಯಾಪ್‌ಟಾಪ್ ಓಡುತ್ತದೆ, ಆದರೆ ಬ್ಯಾಟರಿ ಏರುವುದಿಲ್ಲ, ಮಷಿನ್ ಎತ್ತಿನ ಗಾಡಿಯಂತೆ ನಿಧಾನ. ಆನ್ ಮಾಡುವಾಗ ಅಡಾಪ್ಟರ್ ಗುರುತಿಸಲಾಗಲಿಲ್ಲ ಎಂಬ ಸಂದೇಶ ಬರಬಹುದು. ಇದನ್ನು ನೋಡಿ ಬ್ಯಾಟರಿ ಬದಲಿಸಿ ಮೂರು ಸಾವಿರ ಕಳೆದುಕೊಂಡವರು ಬೇಕಾದಷ್ಟು ಜನ. ಬ್ಯಾಟರಿಗೆ ಕೈ ಹಾಕುವ ಮೊದಲು ಅದೇ ಮಾದರಿಯ, ಸರಿಯಿರುವ ಚಾರ್ಜರ್ ಒಂದನ್ನು ಗೆಳೆಯರಿಂದ ಹತ್ತು ನಿಮಿಷ ಕೇಳಿ ತಂದು ಚುಚ್ಚಿ ನೋಡಿ.

ದೋಷ ಹುಡುಕಲು ಮೊದಲ ಪ್ರಶ್ನೆ ಒಂದೇ: ಬಿಸಿ ಎಲ್ಲಿದೆ? ಡಬ್ಬಿ ಇಡೀ ಸಮನಾಗಿ ಬೆಚ್ಚಗಿದ್ದು, ಅಂಗೈಯಲ್ಲಿ ಹತ್ತು ಎಣಿಸುವ ತನಕ ಹಿಡಿಯಲು ಆಗುತ್ತಿದ್ದರೆ ಚಿಂತೆ ಬೇಡ, ಗಾಳಿಯಾಡುವ ಕಡೆ ನೆಲದ ಮೇಲೆ ಇಡಿ. ಮೂರು ಎಣಿಸುವುದರಲ್ಲೇ ಕೈ ತೆಗೆಯಬೇಕೆನಿಸಿದರೆ ಅಥವಾ ಡಬ್ಬಿಯ ಒಂದು ಮೂಲೆ ಮಾತ್ರ ಸುಡುತ್ತಿದ್ದರೆ ಒಳಗೆ ಏನೋ ಕೆಟ್ಟಿದೆ. ಗೋಡೆಯ ಪ್ಲಗ್ ಸುಡುತ್ತಿದ್ದರೆ ತಪ್ಪು ಹೆಚ್ಚಾಗಿ ಚಾರ್ಜರಿನದಲ್ಲ, ಸಾಕೆಟ್ಟಿನ ಹಿತ್ತಾಳೆ ಎಲೆಗಳು ಸಡಿಲವಾಗಿರುತ್ತವೆ. ಈ ಚಾರ್ಜರ್ ಅಲ್ಲಿ ಎಳೆಯುವುದು ಒಂದು ಆಂಪಿಯರಿಗಿಂತ ಕಡಿಮೆ, ಗಟ್ಟಿ ಸಾಕೆಟ್ ಅಷ್ಟಕ್ಕೆ ಬೆಚ್ಚಗೂ ಆಗುವುದಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಪಿನ್ನಿನ ಬಿಸಿ, ಜನ ಅಲಕ್ಷ್ಯ ಮಾಡುವುದೂ ಅದನ್ನೇ. ಸವೆದ ಜ್ಯಾಕಿನಲ್ಲಿ ಅಥವಾ ಅರ್ಧ ಹರಿದ ಎಳೆಗಳಲ್ಲಿ ಬರೀ 0.3 ಓಮ್ ಅಡ್ಡಿ ಇದೆ ಎನ್ನಿ. 3.33 ಆಂಪಿಯರ್ ಹರಿಯುವಾಗ ಅಲ್ಲೇ 1 ವೋಲ್ಟ್ ಸೋರುತ್ತದೆ, 3.3 ವ್ಯಾಟ್ ಶಾಖ ಕಡಲೆಕಾಳಿನಷ್ಟು ಜಾಗದಲ್ಲಿ ಹುಟ್ಟುತ್ತದೆ. ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟ್‌ನದ್ದು ಎಂದು ನೆನೆದರೆ ಪ್ಲಾಸ್ಟಿಕ್ ಯಾಕೆ ಕರಗುತ್ತದೆ ಎಂದು ತಿಳಿಯುತ್ತದೆ. ಕರಗಿದಂತೆ ಹಿಡಿತ ಇನ್ನೂ ಸಡಿಲ, ಸಡಿಲವಾದಂತೆ ಅಡ್ಡಿ ಇನ್ನೂ ಹೆಚ್ಚು. ಪಿನ್ನನ್ನು ಒತ್ತಿ, ಓರೆ ಮಾಡಿ, ಕೆಳಗೆ ಪುಸ್ತಕ ಕೊಟ್ಟು ಚಾರ್ಜ್ ಮಾಡುತ್ತಿದ್ದೀರಾದರೆ ಇವತ್ತೇ ನಿಲ್ಲಿಸಿ. ಜ್ಯಾಕ್ ಬದಲಿಸುವುದು ಹೆಚ್ಚಾಗಿ ಸಣ್ಣ ಕೆಲಸ, ಬೋರ್ಡ್ ರಿಪೇರಿ ಹಾಗಲ್ಲ.

ಚಾರ್ಜರಿನ ಮೇಲಿನ ದೀಪ ಮಿಣುಕುತ್ತಿದ್ದರೆ ಅದು ಶಾರ್ಟ್ ಕಂಡು ತನ್ನನ್ನು ತಾನೇ ಆರಿಸಿ ಹೊತ್ತಿಸಿಕೊಳ್ಳುತ್ತಿದೆ ಎಂದರ್ಥ. ಲ್ಯಾಪ್‌ಟಾಪಿನಿಂದ ಕಿತ್ತು, ಗೋಡೆಯಿಂದಲೂ ಕಿತ್ತು ಐದು ನಿಮಿಷ ಬಿಡಿ. ಮತ್ತೆ ಗೋಡೆಗೆ ಮಾತ್ರ ಹಾಕಿ. ದೀಪ ಸ್ಥಿರವಾಗಿ ಉರಿದರೆ ದೋಷ ಲ್ಯಾಪ್‌ಟಾಪಿನದು ಅಥವಾ ಜ್ಯಾಕಿನದು. ಆಗಲೂ ಮಿಣುಕಿದರೆ ಚಾರ್ಜರ್ ಇಲ್ಲವೇ ಅದರ ಕೇಬಲ್.

ವೋಲ್ಟ್ ಅಳೆಯುವ ಮೀಟರಿನಲ್ಲಿ 19.5 ತೋರಿಸಿತು ಎಂದು ಖುಷಿಪಡಬೇಡಿ. ಹೊರೆ ಇಲ್ಲದಾಗ, ಅಂದರೆ ಕರೆಂಟ್ ಎಳೆಯುವವರು ಯಾರೂ ಇಲ್ಲದಾಗ, ಕೆಟ್ಟ ಚಾರ್ಜರೂ ಸರಿಯಾದ ವೋಲ್ಟೇಜನ್ನೇ ತೋರಿಸುತ್ತದೆ. ಹೊರೆ ಹೊರಿಸಿ ನೋಡಲು ಅಗ್ಗದ ದಾರಿ ಇದೆ, ಅದಿರು ಲಾರಿಗಳು ಓಡುವ ನಮ್ಮ ಕಡೆ ಯಾವ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ: ಲಾರಿಗೆ ಹಾಕುವ 24 ವೋಲ್ಟ್ 21 ವ್ಯಾಟ್ ಇಂಡಿಕೇಟರ್ ಬಲ್ಬು. 19.5 ವೋಲ್ಟಿನಲ್ಲಿ ಒಂದೊಂದು ಬಲ್ಬು ಮುಕ್ಕಾಲು ಆಂಪಿಯರಿಗಿಂತ ತುಸು ಹೆಚ್ಚು ಎಳೆಯುತ್ತದೆ. ನಾಲ್ಕನ್ನು ಸಮಾಂತರವಾಗಿ (ಪ್ರತಿಯೊಂದನ್ನೂ ಅದೇ ಪ್ಲಸ್ ಮೈನಸ್‌ಗೆ) ಹಾಕಿದರೆ ಸುಮಾರು 3 ಆಂಪಿಯರ್, ಅಂದರೆ 65 ವ್ಯಾಟಿನ ಚಾರ್ಜರಿಗೆ ಹತ್ತಿರಹತ್ತಿರ ಪೂರ್ತಿ ಹೊರೆ. ನಾಲ್ಕನ್ನೂ ಒಮ್ಮೆಲೇ ಹಾಕಬೇಡಿ, ತಣ್ಣಗಿನ ಫಿಲಮೆಂಟ್ ಶಾರ್ಟಿನಂತೆ ಕಂಡು ಚಾರ್ಜರ್ ಆರಿಬಿಡುತ್ತದೆ, ಒಂದಾದ ಮೇಲೆ ಒಂದು ಸೇರಿಸಿ. ಕಾಲು ಗಂಟೆ ಎದುರಿಗೇ ಕೂತು ನೋಡಿ. ಪಿನ್ನಿನಲ್ಲಿ 18.5ಕ್ಕಿಂತ ಕೆಳಗೆ ಇಳಿದರೆ, ಬಲ್ಬುಗಳ ಬೆಳಕು ನಡುಗಿದರೆ, ವಾಸನೆ ಬಂದರೆ ಅದನ್ನು ಮತ್ತೆ ಲ್ಯಾಪ್‌ಟಾಪಿಗೆ ಚುಚ್ಚಬೇಡಿ. ನೀಲಿ ತುದಿಯಲ್ಲಿ ಹೊರ ಕೊಳವೆಯ ಹೊರಮೈ ಮೈನಸ್, ಒಳಮೈ ಪ್ಲಸ್. ಮೀಟರಿನ ಕಡ್ಡಿ ಪ್ಲಸ್ಸಿಗೂ ನಡುವಿನ ಸೂಜಿಗೂ ಒಟ್ಟಿಗೆ ತಗುಲಿದರೆ, ಗುರುತಿನ ಚಿಪ್ ಇರುವ ಚಾರ್ಜರಿನಲ್ಲಿ ಅದು ಸುಟ್ಟೀತು. ಟೈಪ್-ಸಿ ಚಾರ್ಜರಿಗೆ ಈ ಬಲ್ಬಿನ ಪರೀಕ್ಷೆ ನಡೆಯುವುದಿಲ್ಲ, ಲ್ಯಾಪ್‌ಟಾಪಿನ ಜೊತೆ ಸಿಗ್ನಲ್‌ನ ಮಾತುಕತೆ ಆಗದೆ ಅದು 5 ವೋಲ್ಟ್ ಮೇಲೆ ಏರುವುದೇ ಇಲ್ಲ. ಅಲ್ಲಿ ಕೇಬಲ್ ನೋಡಿ: ಒಳಗೆ ಗುರುತಿನ ಚಿಪ್ ಇಲ್ಲದ ಕೇಬಲ್ 3 ಆಂಪಿಯರಿಗೆ, 60 ವ್ಯಾಟಿಗೆ ನಿಲ್ಲುತ್ತದೆ.

ಇನ್ನು ನಮ್ಮ ಲೈನ್. ಸಿಂಧನೂರು, ಮಾನ್ವಿ, ಗಂಗಾವತಿ ಕಡೆ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ ವೋಲ್ಟೇಜ್ ಕುಸಿಯುವುದು ಎಲ್ಲರಿಗೂ ಗೊತ್ತು. ವೋಲ್ಟೇಜ್ ಇಳಿದಷ್ಟೂ ಅದೇ ವ್ಯಾಟಿಗಾಗಿ ಚಾರ್ಜರ್ ಹೆಚ್ಚು ಆಂಪಿಯರ್ ಎಳೆಯುತ್ತದೆ, ಹೆಚ್ಚು ಬಿಸಿಯಾಗುತ್ತದೆ. ಒಳ್ಳೆಯದು ತಡೆಯುತ್ತದೆ, 33 ಮೈಕ್ರೋಫ್ಯಾರಡಿನದು ತಡೆಯುವುದಿಲ್ಲ. ಲೈನಿನ ನ್ಯೂಟ್ರಲ್ (ಕರೆಂಟ್ ವಾಪಸು ಹೋಗುವ ತಂತಿ) ತುಂಡಾದರೆ ಇನ್ನೂ ಕಷ್ಟ, ಆಗ ಮನೆಗೆ ಬರುವ ವೋಲ್ಟೇಜ್ ಏರಿಬಿಡಬಹುದು. ಸಾಮಾನ್ಯ 230 ವೋಲ್ಟಿನಲ್ಲಿ ಒಳಗಿನ ಕೆಪಾಸಿಟರ್ ಮೇಲೆ 325 ವೋಲ್ಟ್ ಡಿಸಿ ನಿಲ್ಲುತ್ತದೆ, ಅದರ ಮಿತಿ ಹೆಚ್ಚಾಗಿ 400. ಲೈನ್ 300 ಮುಟ್ಟಿದರೆ ಡಿಸಿ 424 ಆಗುತ್ತದೆ, ಕೆಪಾಸಿಟರ್ ಸಿಡಿಯಬಹುದು. ಫ್ಯಾನ್ ಹುಚ್ಚಾಪಟ್ಟೆ ತಿರುಗಿ ಬಲ್ಬು ಕಣ್ಣು ಕುಕ್ಕಿದ ಕ್ಷಣವೇ ಮೇನ್ ಇಳಿಸಿ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಚಾರ್ಜರ್ ಗುಂಯ್‌ಗುಟ್ಟುವುದು ನಿಜ, ಆದರೆ ಕರೆಂಟ್ ಬಂದ ಮೇಲೂ ಸದ್ದು ಉಳಿದರೆ ಇನ್ವರ್ಟರನ್ನು ದೂರಬೇಡಿ.

ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದರೆ ಜುಮ್ಮೆನ್ನುವುದು ಬೇರೆ ವಿಷಯ. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಕಡ್ಡಿ (ಅರ್ಥಿಂಗಿನದು) ಮುರಿದು ಎರಡರ ಸಾಕೆಟ್ಟಿಗೆ ತುರುಕಿದ್ದರೆ ಮೊದಲು ಅದನ್ನು ಸರಿಮಾಡಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿರುತ್ತದೆ, ನೀರು ಹಾಕಿ. ಜುಮ್ ಅಲ್ಲ, ಹೊಡೆತವೇ ಬಿದ್ದರೆ ಚಾರ್ಜರ್ ಬಿಸಾಕಬೇಕು.

ಕೊಳ್ಳುವಾಗ ಲ್ಯಾಪ್‌ಟಾಪಿನ ತಳದ ಲೇಬಲ್ ಫೋಟೊ ತೆಗೆದುಕೊಂಡು ಹೋಗಿ. ವೋಲ್ಟ್ ಹೊಂದಬೇಕು, ಆಂಪಿಯರ್ ಅಷ್ಟೇ ಇರಬೇಕು ಅಥವಾ ಹೆಚ್ಚಿರಬೇಕು, ಕಡಿಮೆ ಎಂದೂ ಬೇಡ. ಲ್ಯಾಪ್‌ಟಾಪ್ ಅಡಾಪ್ಟರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ, ಡಬ್ಬಿಯ ಮೇಲೆ ಗುರುತಿನ ಜೊತೆ ಆರ್ ಅಕ್ಷರದಿಂದ ಶುರುವಾಗುವ ಎಂಟು ಅಂಕಿಯ ಸಂಖ್ಯೆ ಇರುತ್ತದೆ. ಅಂಗಡಿಯಲ್ಲೇ ನಿಂತು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಸಂಖ್ಯೆ ಸಿಕ್ಕರೆ ಸಾಲದು, ತಯಾರಕರ ಹೆಸರು ಮತ್ತು ವಸ್ತು ಡಬ್ಬಿಯ ಮೇಲಿನದಕ್ಕೆ ತಾಳೆಯಾಗಬೇಕು. ಮೊಬೈಲ್ ಚಾರ್ಜರಿನ ನಂಬರನ್ನು ಲ್ಯಾಪ್‌ಟಾಪಿನದಕ್ಕೆ ಅಂಟಿಸುವುದು ಹಳೆಯ ಆಟ. "ಕಂಪನಿದೇ ಅದ, ಬಿಲ್ ಮಾತ್ರ ಬರಂಗಿಲ್ಲ" ಎಂದರೆ ಬೇರೆ ಅಂಗಡಿ ನೋಡಿ.

ಕೇಬಲ್ ಮಾತ್ರ ಹರಿದಿದ್ದರೆ ಹೊಸ ಡಿಸಿ ಕೇಬಲ್ ಬೆಸೆಸಬಹುದು, ಮೂರೂ ತಂತಿ ಅದದಕ್ಕೇ ಸೇರಬೇಕು, ಪ್ಲಸ್ ಮೈನಸ್ ಅದಲುಬದಲಾದರೆ ಲ್ಯಾಪ್‌ಟಾಪೇ ಹೋಗುತ್ತದೆ. ತಿರುವಿ ಕಪ್ಪು ಟೇಪು ಸುತ್ತಿದ್ದು ರಿಪೇರಿ ಅಲ್ಲ. ಡಬ್ಬಿಯನ್ನು ನೀವೇ ಬಿಚ್ಚಲು ಹೋಗಬೇಡಿ, ಪ್ಲಗ್ ಕಿತ್ತ ಮೇಲೂ ಆ 325 ವೋಲ್ಟ್ ಒಳಗೆ ಉಳಿದಿರಬಹುದು.

ಕೆಟ್ಟದ್ದನ್ನು ಗುಜರಿಗೆ ಹಾಕುವ ಮೊದಲು, ಗೋಡೆಯಿಂದ ಕಿತ್ತು, ಎರಡೂ ಕಡೆಯ ಕೇಬಲನ್ನು ಡಬ್ಬಿಯ ಬುಡದಲ್ಲೇ ಕತ್ತರಿಸಿ, ಲೇಬಲ್ ಕೆರೆದು ಹಾಕಿ. ಇಲ್ಲದಿದ್ದರೆ ಅದೇ ಡಬ್ಬಿ ಹೊಸ ತಂತಿ, ಹೊಸ ಸ್ಟಿಕ್ಕರ್ ಹಚ್ಚಿಕೊಂಡು ಮತ್ತೆ ಐನೂರು ರೂಪಾಯಿಗೆ ಕೌಂಟರಿಗೆ ಬರುತ್ತದೆ.