ಓಮ್ನಿಪೇಕ್ 350: ಹೊಟ್ಟೆಯ ಸಿಟಿಗೆ ಯಾವಾಗ ಬೇಕು, ಯಾವಾಗ 300 ಸಾಕು

ಹೊಟ್ಟೆಯ ಸಿಟಿ ಮಸುಕಾಗಿ ಬಂದರೆ ಮೊದಲು ಬೈಗುಳ ತಿನ್ನುವುದು ಕಾಂಟ್ರಾಸ್ಟ್ (ಅಂಗಗಳು ಸ್ಪಷ್ಟವಾಗಿ ಬೆಳಗಲು ರಕ್ತನಾಳಕ್ಕೆ ಕೊಡುವ ಅಯೋಡಿನ್ ಔಷಧ) ಬಾಟಲಿ. ಓಮ್ನಿಪೇಕ್ 350ಕ್ಕೆ ಅದು ಬಹುಮಟ್ಟಿಗೆ ಅನ್ಯಾಯ. ಅಳತೆ, ಬಿಸಿ, ಸಮಯ ಮೂರನ್ನೂ ನೋಡಿಕೊಂಡರೆ ಇದು ಒಳ್ಳೆಯ ಔಷಧ.

ಇದರಲ್ಲಿರುವುದು ಅಯೋಹೆಕ್ಸಾಲ್. ಮಿಲಿಗೆ 350 ಮಿಗ್ರಾಂ ಅಯೋಡಿನ್, 100 ಮಿಲಿ ಬಾಟಲಿಗೆ 35 ಗ್ರಾಂ. ಓಮ್ನಿಪೇಕ್ 300ರಲ್ಲಿ ಮಿಲಿಗೆ 300 ಮಿಗ್ರಾಂ. ಲಿವರ್ ಚೆನ್ನಾಗಿ ಬೆಳಗಲು ಕೆಜಿ ತೂಕಕ್ಕೆ 500ರಿಂದ 600 ಮಿಗ್ರಾಂ ಅಯೋಡಿನ್ ಬೇಕು. 60 ಕೆಜಿಯವರಿಗೆ ಒಂದು ಬಾಟಲಿ ಸರಿಹೋಗುತ್ತದೆ. 80 ಕೆಜಿಯವರಿಗೂ ಅಷ್ಟೇ ಹಾಕಿದರೆ ಕೆಜಿಗೆ 437 ಮಿಗ್ರಾಂ ಮಾತ್ರ. ಲಿವರಿನ ಸಣ್ಣ ಗಂಟುಗಳು ಸುತ್ತಲಿನ ಬಣ್ಣದಲ್ಲೇ ಅಡಗಿಬಿಡಬಹುದು. 45 ಕೆಜಿಯವರಿಗೆ 70 ಮಿಲಿ ಸಾಕು. ಎಲ್ಲರಿಗೂ ಒಂದೊಂದು ಬಾಟಲಿ ಎಂಬ ರೂಢಿಯನ್ನು ಮೊದಲು ಬಿಡಬೇಕು. ಕೊಬ್ಬಿನಲ್ಲಿ ರಕ್ತದ ಹರಿವು ಕಡಿಮೆ, ಆದ್ದರಿಂದ ಬೊಜ್ಜು ಹೆಚ್ಚಿರುವವರಿಗೆ ಒಟ್ಟು ತೂಕ ಹಿಡಿದರೆ ಲೆಕ್ಕ ಜಾಸ್ತಿಯಾಗುತ್ತದೆ.

350ರ ನಿಜವಾದ ತೊಂದರೆ ಅದರ ಮಂದತನ. 20 ಡಿಗ್ರಿಯಲ್ಲಿ ಸ್ನಿಗ್ಧತೆ (ದ್ರವದ ಮಂದತನದ ಅಳತೆ) ಸುಮಾರು 20 ಸೆಂಟಿಪಾಯ್ಸ್, 37 ಡಿಗ್ರಿಗೆ ಬಿಸಿ ಮಾಡಿದರೆ ಅದರರ್ಧ. ಎಸಿ ಕೋಣೆಯ ಕಪಾಟಿನಿಂದ ನೇರ ತೆಗೆದು 20 ಗೇಜ್ ಕ್ಯಾನುಲಾದಲ್ಲಿ (ರಕ್ತನಾಳಕ್ಕೆ ಹಾಕುವ ಕೊಳವೆ; ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತೆಳು) ಸೆಕೆಂಡಿಗೆ 4 ಮಿಲಿ ತಳ್ಳಲು ಹೋದರೆ ಒತ್ತಡ ಮಿತಿ ಮುಟ್ಟಬಹುದು. ಆಗ ಇಂಜೆಕ್ಟರ್ ತಾನಾಗಿ ವೇಗ ಇಳಿಸುತ್ತದೆ ಇಲ್ಲವೇ ನಿಂತುಬಿಡುತ್ತದೆ. ಪರದೆಯ ಮೇಲಿನ ಒತ್ತಡದ ಗೆರೆಯನ್ನು ಯಾರೂ ನೋಡಿರುವುದಿಲ್ಲ, ಆರ್ಟೀರಿಯಲ್ ಫೇಸ್ (ಕಾಂಟ್ರಾಸ್ಟ್ ಅಪಧಮನಿಗಳಲ್ಲಿರುವಾಗ ತೆಗೆಯುವ ಚಿತ್ರ) ಮಾತ್ರ ಸಪ್ಪೆಯಾಗಿ ಬಂದಿರುತ್ತದೆ. ವಾರ್ಮರ್ ಇಲ್ಲದ ಕಡೆ 350 ತರಿಸುವುದರಲ್ಲಿ ಅರ್ಥ ಕಡಿಮೆ.

ಇದರ ಲಾಭ ಕಾಣುವುದು ಆರ್ಟೀರಿಯಲ್ ಫೇಸಿನಲ್ಲಿ. ಸೆಕೆಂಡಿಗೆ 4 ಮಿಲಿಯಂತೆ ಕೊಟ್ಟರೆ ಸೆಕೆಂಡಿಗೆ 1.4 ಗ್ರಾಂ ಅಯೋಡಿನ್ ಒಳಹೋಗುತ್ತದೆ, 300ರಲ್ಲಿ 1.2 ಗ್ರಾಂ. ಲಿವರ್ ಕ್ಯಾನ್ಸರ್, ಪ್ಯಾಂಕ್ರಿಯಾಸ್, ರಕ್ತಸ್ರಾವ ಹುಡುಕುವಾಗ ಈ ವ್ಯತ್ಯಾಸಕ್ಕೆ ಬೆಲೆಯಿದೆ. ಬರೀ ಪೋರ್ಟಲ್ ವೀನಸ್ ಫೇಸ್ (ಕಾಂಟ್ರಾಸ್ಟ್ ಪೋರ್ಟಲ್ ಸಿರೆಯ ಮೂಲಕ ಲಿವರ್ ತುಂಬಿದಾಗಿನ ಚಿತ್ರ) ಆದರೆ ಲೆಕ್ಕಕ್ಕೆ ಬರುವುದು ಒಟ್ಟು ಅಯೋಡಿನ್. ಅಲ್ಲಿ 300ರ 117 ಮಿಲಿ ಅದೇ 35 ಗ್ರಾಂ ಕೊಡುತ್ತದೆ, ವಯಸ್ಸಾದವರ ಸಣ್ಣ ರಕ್ತನಾಳದಲ್ಲಿ 22 ಗೇಜ್ ಹಾಕಿದರೂ ಸಲೀಸಾಗಿ ಹೋಗುತ್ತದೆ.

ಸಮಯ ತಪ್ಪಿದರೆ ಯಾವ ಬಾಟಲಿಯೂ ಕೈಹಿಡಿಯದು. ಬೋಲಸ್ ಟ್ರ್ಯಾಕಿಂಗ್ (ಕಾಂಟ್ರಾಸ್ಟ್ ತಲುಪಿದ್ದನ್ನು ಯಂತ್ರವೇ ಕಂಡು ಸ್ಕ್ಯಾನ್ ಶುರುಮಾಡುವ ವಿಧಾನ) ವೃತ್ತವನ್ನು ಡಯಾಫ್ರಮ್ ಮಟ್ಟದಲ್ಲಿ ಅಯೋರ್ಟಾದ (ದೇಹದ ಮುಖ್ಯ ಅಪಧಮನಿಯ) ನಡುವೆ ಇಡಿ. ಗೋಡೆಯ ಕ್ಯಾಲ್ಸಿಯಂ ವೃತ್ತದೊಳಗೆ ಬಂದರೆ ಕಾಂಟ್ರಾಸ್ಟ್ ತಲುಪುವ ಮೊದಲೇ ಸ್ಕ್ಯಾನ್ ಶುರುವಾಗಬಹುದು. ವೃತ್ತದೊಳಗೆ 150 ಎಚ್‌ಯು (ಸಿಟಿ ಚಿತ್ರದ ಬೆಳಗಿನ ಅಳತೆ) ಮುಟ್ಟಿದ 15ರಿಂದ 20 ಸೆಕೆಂಡಿಗೆ ಲೇಟ್ ಆರ್ಟೀರಿಯಲ್, ಇಂಜೆಕ್ಷನ್ ಶುರುವಾದ 70 ಸೆಕೆಂಡಿಗೆ ಪೋರ್ಟಲ್. ಹೃದಯ ದುರ್ಬಲವಾಗಿದ್ದರೆ ಗಡಿಯಾರ ನಂಬಬೇಡಿ, ಟ್ರ್ಯಾಕಿಂಗ್ ನಂಬಿ. ಹಿಂದೆಯೇ 30ರಿಂದ 40 ಮಿಲಿ ಸಲೈನ್ ತಳ್ಳದಿದ್ದರೆ ಟ್ಯೂಬಿನಲ್ಲೂ ತೋಳಿನ ರಕ್ತನಾಳದಲ್ಲೂ ಉಳಿದ ಕಾಂಟ್ರಾಸ್ಟ್ ದಂಡ.

ತೆಳ್ಳಗಿನವರಿಗೆ 120ರ ಬದಲು 100 ಕೆವಿ (ಎಕ್ಸ್‌-ರೇ ಟ್ಯೂಬಿನ ವೋಲ್ಟೇಜ್) ಇಟ್ಟು ನೋಡಿ. ಅಯೋಡಿನ್ ಹೆಚ್ಚು ಬೆಳಗುತ್ತದೆ, ಪ್ರಮಾಣವನ್ನೂ ಇಳಿಸಬಹುದು.

ಫಲ ಅಳೆಯಲು ಸುಲಭ ದಾರಿ: ಲಿವರಿನ ಒಂದೇ ಜಾಗದಲ್ಲಿ ಕಾಂಟ್ರಾಸ್ಟಿಗೆ ಮೊದಲು ಮತ್ತು ಪೋರ್ಟಲ್ ಫೇಸಿನಲ್ಲಿ ಎಚ್‌ಯು ನೋಡಿ. 50 ಏರಿದ್ದರೆ ಸರಿ.

ಇಜಿಎಫ್‌ಆರ್ (ಕಿಡ್ನಿಯ ಸೋಸುವ ಶಕ್ತಿಯ ಅಳತೆ) 30ಕ್ಕಿಂತ ಕೆಳಗಿದ್ದರೆ ರೇಡಿಯಾಲಜಿಸ್ಟರನ್ನು ಕೇಳದೆ ಎರಡರಲ್ಲಿ ಯಾವುದನ್ನೂ ತುಂಬಬೇಡಿ. ಸ್ಕ್ಯಾನ್ ಮುಗಿದ ಮೇಲೂ ಅರ್ಧ ಗಂಟೆ ಕ್ಯಾನುಲಾ ತೆಗೆಯಬೇಡಿ.