ಟನಲ್ ಎದ್ದಿದೆ, ಟ್ರಾಫಿಕ್ ಹೋಗುತ್ತಿಲ್ಲ: ವೈರ್‌ಗಾರ್ಡ್, ಓಪನ್‌ವಿಪಿಎನ್‌ಗಳಲ್ಲಿ ತಪ್ಪು ಹುಡುಕಿದಾಗ

ವೈರ್‌ಗಾರ್ಡ್, ಓಪನ್‌ವಿಪಿಎನ್ ಎರಡೂ ವಿಪಿಎನ್ ತಂತ್ರಾಂಶಗಳು, ಅಂದರೆ ಇಂಟರ್‌ನೆಟ್ ಮೇಲೆ ಎರಡು ಕಂಪ್ಯೂಟರ್‌ಗಳ ನಡುವೆ ಗೂಢಲಿಪಿಯ ಖಾಸಗಿ ದಾರಿ (ಟನಲ್) ಹಾಕುವಂಥವು. ಒಂದೇ ಲಿನಕ್ಸ್ ಸರ್ವರ್ ಮೇಲೆ ಎರಡನ್ನೂ ಹಾಕಿ, ಬೇಕೆಂದೇ ಒಂದೊಂದು ಸೆಟ್ಟಿಂಗ್ ಕೆಡಿಸಿ ನೋಡಿದರೆ ಎರಡರ ಸ್ವಭಾವವೂ ಬೇಗ ಬಯಲಾಗುತ್ತದೆ.

ಸರ್ಟಿಫಿಕೇಟ್ ಬಳಸುವ ಓಪನ್‌ವಿಪಿಎನ್‌ನಲ್ಲಿ ‘ಇನಿಶಿಯಲೈಸೇಶನ್ ಸೀಕ್ವೆನ್ಸ್ ಕಂಪ್ಲೀಟೆಡ್’ ಎಂಬ ಸಾಲು ಕ್ಲೈಂಟ್‌ನ ಲಾಗ್‌ನಲ್ಲಿ (ಪ್ರೋಗ್ರಾಂ ಬರೆದಿಡುವ ದಾಖಲೆಯಲ್ಲಿ) ಬಂತೆಂದರೆ ಅದು ಸರ್ವರ್‌ವರೆಗೆ ಮುಟ್ಟಿದೆ ಎಂದು ನಂಬಬಹುದು. ವೈರ್‌ಗಾರ್ಡ್‌ನಲ್ಲಿ ಇಂಟರ್‌ಫೇಸ್ (ಅದು ಮಾಡುವ ವರ್ಚುವಲ್ ನೆಟ್‌ವರ್ಕ್ ಕಾರ್ಡ್) ಎದ್ದಿದೆ ಎಂಬುದನ್ನು ನಂಬಿ ಕೂರಬೇಡಿ, ಕೀ ತಪ್ಪಿದ್ದರೂ ಅದು ಏಳುತ್ತದೆ. ‘ಡಬ್ಲ್ಯೂಜಿ ಶೋ’ ಕೊಟ್ಟು ‘ಲೇಟೆಸ್ಟ್ ಹ್ಯಾಂಡ್‌ಶೇಕ್’ (ಎರಡೂ ತುದಿ ಒಂದನ್ನೊಂದು ಗುರುತಿಸಿದ ಸಮಯ) ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಕ್ಲೈಂಟ್‌ನಿಂದ ಪಿಂಗ್ ಕಳಿಸುತ್ತ, ಸರ್ವರ್‌ನಲ್ಲಿ ಯುಡಿಪಿ 51820ಕ್ಕೆ (ವೈರ್‌ಗಾರ್ಡ್ ಸಾಮಾನ್ಯವಾಗಿ ಬಳಸುವ ಪೋರ್ಟ್) ಟಿಸಿಪಿಡಂಪ್ (ಬಂದು ಹೋಗುವ ಪ್ಯಾಕೆಟ್ ತೋರಿಸುವ ಸಾಧನ) ಹಾಕಿ. ಪ್ಯಾಕೆಟ್ ಕಾಣದಿದ್ದರೆ ತಡೆ ದಾರಿಯಲ್ಲಿದೆ, ಇಲ್ಲವೇ ಎಂಡ್‌ಪಾಯಿಂಟ್ ವಿಳಾಸ (ಕ್ಲೈಂಟ್‌ನಲ್ಲಿ ಬರೆದಿರುವ ಸರ್ವರ್ ವಿಳಾಸ) ತಪ್ಪಿದೆ. ಕಂಡರೆ ಕೀ ತಪ್ಪಿರಬೇಕು ಅಥವಾ ಸರ್ವರ್‌ನದೇ ಫೈರ್‌ವಾಲ್ ತಡೆಯುತ್ತಿರಬೇಕು, ಯಾಕೆಂದರೆ ಒಳಬರುವ ಪ್ಯಾಕೆಟ್ ಫೈರ್‌ವಾಲ್‌ಗೆ ಸಿಗುವ ಮೊದಲೇ ಟಿಸಿಪಿಡಂಪ್‌ಗೆ ಕಾಣುತ್ತದೆ.

ನಿಜವಾದ ವ್ಯತ್ಯಾಸ ತಿಳಿಯುವುದು ಕ್ಲೈಂಟ್‌ನ ಹಿಂದೆ ಇನ್ನೊಂದು ನೆಟ್‌ವರ್ಕ್ ಇದ್ದಾಗ. 192.168.50.0/24 ಎಂದಿಟ್ಟುಕೊಳ್ಳಿ. ಕ್ಲೈಂಟ್‌ನಿಂದ ಪಿಂಗ್ ಹೋಗುತ್ತದೆ, ಅದರ ಹಿಂದಿನ ಕಂಪ್ಯೂಟರ್‌ಗಳಿಂದ ಹೋಗುವುದಿಲ್ಲ. ಓಪನ್‌ವಿಪಿಎನ್ ಸರ್ವರ್ ಲಾಗ್‌ನಲ್ಲಿ ಇದಕ್ಕೆ ‘ಬ್ಯಾಡ್ ಸೋರ್ಸ್ ಅಡ್ರೆಸ್ ಫ್ರಂ ಕ್ಲೈಂಟ್’ ಎಂದು ಐಪಿ ಸಮೇತ ಬರೆಯುತ್ತದೆ. ಆ ಕ್ಲೈಂಟ್‌ನ ಸಿಸಿಡಿ ಫೈಲಿಗೆ (ಸರ್ವರ್‌ನಲ್ಲಿ ಆ ಒಂದು ಕ್ಲೈಂಟ್‌ಗೆಂದೇ ಇಡುವ ಸೆಟ್ಟಿಂಗ್ ಫೈಲು) ‘ಐರೌಟ್’, ಸರ್ವರ್ ಕಾನ್ಫಿಗ್‌ಗೆ ‘ರೌಟ್’ ಸೇರಿಸಬೇಕು. ಎರಡೂ ಬೇಕು, ಒಂದೇ ಹಾಕಿ ಬಿಟ್ಟರೆ ನಡೆಯದು.

ವೈರ್‌ಗಾರ್ಡ್ ಇದೇ ಪ್ಯಾಕೆಟ್ಟನ್ನು ಸದ್ದಿಲ್ಲದೆ ಎಸೆಯುತ್ತದೆ. ‘ಅಲೋಡ್‌ಐಪೀಸ್’ ಹೋಗುವಾಗ ಯಾವ ಪೀರ್‌ಗೆ (ಟನಲ್‌ನ ಆಚೆ ತುದಿಯ ಯಂತ್ರಕ್ಕೆ) ಕಳಿಸಬೇಕೆಂದು ಹೇಳುವ ಪಟ್ಟಿ, ಬರುವಾಗ ಯಾರನ್ನು ಒಳಗೆ ಬಿಡಬೇಕೆಂದು ಹೇಳುವ ಪಟ್ಟಿ. ಹ್ಯಾಂಡ್‌ಶೇಕ್ ಹೊಸದಾಗಿಯೇ ಇರುತ್ತದೆ, ಲಾಗ್ ಖಾಲಿ. ಸುಳಿವು ಸಿಗುವುದು ‘ಐಪಿ -ಎಸ್ ಲಿಂಕ್’ ಕಮಾಂಡಿನಲ್ಲಿ: ಸರ್ವರ್‌ನ ಡಬ್ಲ್ಯೂಜಿ0 (ವೈರ್‌ಗಾರ್ಡ್ ಇಂಟರ್‌ಫೇಸ್) ಮೇಲೆ ಆರ್‌ಎಕ್ಸ್ ಎರರ್ (ಸ್ವೀಕರಿಸುವಾಗಿನ ತಪ್ಪು) ಎಣಿಕೆ ಒಂದೊಂದೇ ಏರುತ್ತಿರುತ್ತದೆ. ಸರ್ವರ್‌ನಿಂದ ಆ ನೆಟ್‌ವರ್ಕಿಗೆ ಪಿಂಗ್ ಮಾಡಿ ‘ರಿಕ್ವೈರ್ಡ್ ಕೀ ನಾಟ್ ಅವೈಲಬಲ್’ ಬಂದರೂ ಅದು ಕೀ ಸಮಸ್ಯೆಯಲ್ಲ, ಆ ವಿಳಾಸ ಯಾವ ಪೀರ್‌ನ ಪಟ್ಟಿಯಲ್ಲೂ ಇಲ್ಲ ಎಂದರ್ಥ. ಈ ಸಂದೇಶ ಎಷ್ಟೋ ಜನರನ್ನು ಸುಮ್ಮನೆ ಹೊಸ ಕೀ ಮಾಡುವ ಕೆಲಸಕ್ಕೆ ಹಚ್ಚುತ್ತದೆ. ಇನ್ನೊಂದು ಎಚ್ಚರ: ಒಂದೇ ಐಪಿಯನ್ನು ಎರಡು ಪೀರ್‌ಗಳಿಗೆ ಬರೆದರೆ ಕೊನೆಯದಕ್ಕೆ ಮಾತ್ರ ಉಳಿಯುತ್ತದೆ, ಮೊದಲಿನ ಪೀರ್ ಸತ್ತಂತೆ ಕಾಣುತ್ತದೆ.

ಓಪನ್‌ವಿಪಿಎನ್‌ನದೇ ಕಾಟವೆಂದರೆ ಕಂಪ್ರೆಶನ್ (ಡೇಟಾ ಕುಗ್ಗಿಸಿ ಕಳಿಸುವುದು). ಹಳೆಯ ಕಾನ್ಫಿಗ್‌ನಲ್ಲಿ ‘ಕಾಂಪ್-ಎಲ್‌ಜೆಡ್‌ಒ’ ಒಂದೇ ಕಡೆ ಉಳಿದರೆ ಕನೆಕ್ಟ್ ಆಗುತ್ತದೆ, ಡೇಟಾ ಮಾತ್ರ ಹೋಗುವುದಿಲ್ಲ. ಎರಡೂ ಕಡೆ ತೆಗೆದುಬಿಡಿ. ವೈರ್‌ಗಾರ್ಡ್‌ನಲ್ಲಿ ಕಂಪ್ರೆಶನ್ ಇಲ್ಲ, ಸೈಫರ್ (ಗೂಢಲಿಪಿ ವಿಧಾನ) ಆಯ್ಕೆಯೂ ಇಲ್ಲ, ಹಾಗಾಗಿ ಇಂಥ ತಪ್ಪಿಗೆ ಜಾಗವೇ ಇಲ್ಲ.

ಪಿಂಗ್ ಹೋಗಿ ವೆಬ್ ಪುಟ ಅರ್ಧಕ್ಕೆ ನಿಂತರೆ ಎರಡರಲ್ಲೂ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಬೈಟ್‌ಗಳಲ್ಲಿ) ನೋಡಿ. ವೈರ್‌ಗಾರ್ಡ್‌ನಲ್ಲಿ ಸಾಮಾನ್ಯವಾಗಿ 1420 ಇರುತ್ತದೆ. ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವ ಬ್ರಾಡ್‌ಬ್ಯಾಂಡ್) ಲೈನಿನಲ್ಲಿ 1412ಕ್ಕೆ ಇಳಿಸಿ, ಸಾಲದಿದ್ದರೆ 1280 ಹಾಕಿ ನೋಡಿ. ಓಪನ್‌ವಿಪಿಎನ್‌ನಲ್ಲಿ ‘ಎಂಎಸ್‌ಎಸ್‌ಫಿಕ್ಸ್’ (ಪ್ಯಾಕೆಟ್ ಚಿಕ್ಕದಾಗಿಡುವ ಸೆಟ್ಟಿಂಗ್) ಸಾಕು, ಆದರೆ ಅದು ಟನಲ್ ಒಳಗಿನ ಟಿಸಿಪಿ ಟ್ರಾಫಿಕ್‌ಗೆ ಮಾತ್ರ.

ಸರ್ವರ್ ತನಕ ಹೋಗಿ ಇಂಟರ್‌ನೆಟ್ ಸಿಗದಿದ್ದರೆ ತಪ್ಪು ಎರಡರದ್ದೂ ಅಲ್ಲ: ಸರ್ವರ್‌ನಲ್ಲಿ ಐಪಿ ಫಾರ್ವರ್ಡಿಂಗ್ (ಒಂದು ಇಂಟರ್‌ಫೇಸ್‌ನಿಂದ ಇನ್ನೊಂದಕ್ಕೆ ಪ್ಯಾಕೆಟ್ ದಾಟಿಸುವುದು) 1 ಇರಬೇಕು, ಹೊರಗಿನ ಇಂಟರ್‌ಫೇಸ್ ಮೇಲೆ ಮಾಸ್ಕರೇಡ್ (ಕ್ಲೈಂಟ್‌ನ ಪ್ಯಾಕೆಟ್‌ಗೆ ಸರ್ವರ್‌ನ ವಿಳಾಸ ಹಾಕಿ ಕಳಿಸುವ ನಿಯಮ) ಇರಬೇಕು.

ಲಾಗ್ ಓದಿ ಕೆಲಸ ಮಾಡುವ ತಂಡಕ್ಕೆ, ಕ್ಲೈಂಟ್ ಹಿಂದೆ ನೆಟ್‌ವರ್ಕ್‌ಗಳಿದ್ದರೆ, ಓಪನ್‌ವಿಪಿಎನ್‌ನಲ್ಲೇ ತಪ್ಪು ಬೇಗ ಸಿಗುತ್ತದೆ. ನಾಲ್ಕೈದು ಲ್ಯಾಪ್‌ಟಾಪ್, ಮೊಬೈಲ್‌ಗಳಷ್ಟೇ ಇದ್ದರೆ ವೈರ್‌ಗಾರ್ಡ್ ಮೇಲು, ಕಾನ್ಫಿಗ್ ಹತ್ತು ಸಾಲಿನಲ್ಲಿ ಮುಗಿಯುತ್ತದೆ. ರೂಟರ್ ಹಿಂದಿರುವ ಕ್ಲೈಂಟ್‌ಗಳಿಗೆ ‘ಪರ್ಸಿಸ್ಟೆಂಟ್‌ಕೀಪ್‌ಅಲೈವ್’ 25 (25 ಸೆಕೆಂಡಿಗೊಮ್ಮೆ ಖಾಲಿ ಪ್ಯಾಕೆಟ್) ಹಾಕಿಡಿ. ಇಲ್ಲದಿದ್ದರೆ ಸುಮ್ಮನಿದ್ದಾಗ ನ್ಯಾಟ್ ದಾರಿ (ರೂಟರ್ ಆ ಕ್ಲೈಂಟ್‌ಗಾಗಿ ತೆರೆದ ದಾರಿ) ಮುಚ್ಚಿ, ಕ್ಲೈಂಟ್ ತಾನಾಗಿ ಏನಾದರೂ ಕಳಿಸುವ ತನಕ ಸರ್ವರ್ ಕಡೆಯಿಂದ ಅದನ್ನು ತಲುಪಲಾಗದು.