ಬಿಸಿನೆಸ್ ಲಾ ಓದಲು ಇಂಡಿಯಾ ಕೋಡ್: ಪುಕ್ಕಟೆ ಸಿಗುತ್ತದೆ, ಓದುವ ಕ್ರಮ ಗೊತ್ತಿರಬೇಕು

ಬಿ.ಕಾಂ., ಬಿಬಿಎ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಬಿಸಿನೆಸ್ ಲಾ ಪತ್ರಿಕೆಯನ್ನು ಗೈಡ್ ನಂಬಿಯೇ ಪಾಸು ಮಾಡುತ್ತಾರೆ, ಕಾಯ್ದೆಯ ಮೂಲವನ್ನು ಒಮ್ಮೆಯೂ ತೆರೆಯುವುದಿಲ್ಲ. ಕೇಂದ್ರ ಸರ್ಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿ ಆ ಮೂಲ ಲಾಗಿನ್ ಇಲ್ಲದೆ, ದುಡ್ಡಿಲ್ಲದೆ ಸಿಗುತ್ತದೆ. ಕಾಯ್ದೆಯ ಹೆಸರು ಅಥವಾ ವರ್ಷ ಕೊಟ್ಟರೆ ಸೆಕ್ಷನ್‌ಗಳ ಪಟ್ಟಿ ತೆರೆದುಕೊಳ್ಳುತ್ತದೆ. ಒಂದೊಂದನ್ನೇ ಬಿಡಿಸಿ ಓದಬಹುದು, ಇಡೀ ಕಾಯ್ದೆಯ ಪಿಡಿಎಫ್ ಇಳಿಸಿಕೊಳ್ಳಲೂಬಹುದು. ಇಳಿಸಿಕೊಳ್ಳುವುದೇ ವಾಸಿ, ಏಕೆಂದರೆ ಅಡಿಟಿಪ್ಪಣಿಗಳೆಲ್ಲ ಒಟ್ಟಿಗೆ ಕಣ್ಣಿಗೆ ಬೀಳುವುದು ಅಲ್ಲೇ.

ಮೊದಲು ತೆರೆಯಬೇಕಾದದ್ದು 1872ರ ಭಾರತೀಯ ಕರಾರು ಕಾಯ್ದೆ. ಆಡುಮಾತಿನಲ್ಲಿ ಒಪ್ಪಂದ, ಕರಾರು ಎರಡೂ ಒಂದೇ. ಕಾಯ್ದೆಯಲ್ಲಿ ಹಾಗಲ್ಲ: ಸೆಕ್ಷನ್ 2(ಇ) ಒಪ್ಪಂದವನ್ನು ಹೇಳುತ್ತದೆ, ಕಾನೂನು ಜಾರಿ ಮಾಡಿಸಬಲ್ಲ ಒಪ್ಪಂದ ಮಾತ್ರ ಕರಾರು ಎಂದು 2(ಎಚ್) ಹೇಳುತ್ತದೆ. ಯಾವ ಒಪ್ಪಂದ ಕರಾರಾಗುತ್ತದೆ ಎಂಬುದು ಸೆಕ್ಷನ್ 10ರಲ್ಲಿದೆ. ಈ ಮೂರನ್ನು ಒಟ್ಟಿಗೆ ಓದಿಕೊಂಡರೆ ಗೈಡಿನ ಮೊದಲ ಅಧ್ಯಾಯದ ಕೆಲಸ ಮುಗಿದ ಹಾಗೆ.

ಈ ಕಾಯ್ದೆಯ ನಿಜವಾದ ಆಸ್ತಿ ಅದರ ದೃಷ್ಟಾಂತಗಳು, ಅಂದರೆ ಸೆಕ್ಷನ್‌ನ ಕೆಳಗೇ ಕೊಟ್ಟಿರುವ ಉದಾಹರಣೆಗಳು. ಗೈಡುಗಳು ಜಾಗ ಉಳಿಸಲು ಕತ್ತರಿಸುವುದೂ ಇವನ್ನೇ. ಸೆಕ್ಷನ್ 5ನ್ನು ನೋಡಿ. ಎ ತನ್ನ ಮನೆ ಮಾರುವುದಾಗಿ ಬಿಗೆ ಅಂಚೆಯಲ್ಲಿ ಬರೆಯುತ್ತಾನೆ, ಬಿ ಒಪ್ಪಿಗೆಯ ಪತ್ರ ಹಾಕುತ್ತಾನೆ. ಬಿ ಪತ್ರವನ್ನು ಅಂಚೆಗೆ ಹಾಕುವ ಕ್ಷಣದವರೆಗೆ ಎ ಹಿಂದೆ ಸರಿಯಬಹುದು, ಆಮೇಲೆ ಇಲ್ಲ. ಬಿಗೆ ಮಾತ್ರ ಆ ಪತ್ರ ಎಯ ಕೈ ಸೇರುವ ಕ್ಷಣದವರೆಗೂ ಅವಕಾಶವಿದೆ. ಒಂದೇ ಪತ್ರ, ಇಬ್ಬರಿಗೆ ಎರಡು ಗಡುವು. ಪರೀಕ್ಷೆಯಲ್ಲಿ ಎಡವುವುದು ಇಲ್ಲೇ. ಎರಡು ಪುಟದ ವಿವರಣೆಗಿಂತ ನಾಲ್ಕು ಸಾಲಿನ ದೃಷ್ಟಾಂತ ಇದನ್ನು ಚೆನ್ನಾಗಿ ತಲೆಯಲ್ಲಿ ಕೂರಿಸುತ್ತದೆ.

ಸೆಕ್ಷನ್ 75 ಆದ ಮೇಲೆ ಸಂಖ್ಯೆ ನೇರವಾಗಿ 124ಕ್ಕೆ ಹಾರುತ್ತದೆ. ಪಿಡಿಎಫ್ ಹರಿದಿದೆ ಎಂದುಕೊಳ್ಳಬೇಡಿ. 76ರಿಂದ 123ರವರೆಗಿನ ಭಾಗ 1930ರ ಸರಕು ಮಾರಾಟ ಕಾಯ್ದೆಯಾಯಿತು, 239ರಿಂದ 266ರವರೆಗಿನದು 1932ರ ಪಾಲುದಾರಿಕೆ ಕಾಯ್ದೆಯಾಯಿತು. ಮೂರೂ ಒಂದೇ ಮನೆಯ ಕಾಯ್ದೆಗಳು.

ಇಷ್ಟು ಹೊಗಳಿದ ಮೇಲೆ ದೊಡ್ಡ ಎಚ್ಚರಿಕೆಯೊಂದಿದೆ: ಕಾಯ್ದೆಯಲ್ಲಿ ಕಾಣುವ ಅಂಕಿ ಇವತ್ತು ಜಾರಿಯಲ್ಲಿರುವ ಅಂಕಿಯೇ ಆಗಿರಬೇಕೆಂದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 34 ಓದಿದರೆ ಜಿಲ್ಲಾ ಆಯೋಗ ಕೇಳಬಹುದಾದ ದೂರಿನ ಮಿತಿ 1 ಕೋಟಿ ರೂಪಾಯಿ. ಆದರೆ ಅದರ ಪರಂತುಕ (‘ಆದರೆ’ ಎಂದು ಸೇರಿಸಿದ ಷರತ್ತು, ಪ್ರೊವೈಸೊ) ಬೇರೆ ಮೊತ್ತ ನಿಗದಿ ಮಾಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. 2021ರ ಡಿಸೆಂಬರ್‌ನಲ್ಲಿ ಬಂದ ನಿಯಮಗಳು ಆ ಮಿತಿಯನ್ನು 50 ಲಕ್ಷಕ್ಕೆ ಇಳಿಸಿದವು. ರಾಜ್ಯ ಆಯೋಗಕ್ಕೆ 50 ಲಕ್ಷದಿಂದ 2 ಕೋಟಿ, ಅದಕ್ಕೂ ಮೇಲಿನದು ರಾಷ್ಟ್ರೀಯ ಆಯೋಗಕ್ಕೆ. ಲೆಕ್ಕಕ್ಕೆ ಬರುವುದು ಕೊಟ್ಟ ಬೆಲೆ, ಕೇಳುವ ಪರಿಹಾರವಲ್ಲ. ಪಾಲುದಾರರ ಸಂಖ್ಯೆಯದೂ ಇದೇ ಕಥೆ. 2013ರ ಕಂಪನಿ ಕಾಯ್ದೆಯ ಸೆಕ್ಷನ್ 464ರಲ್ಲಿ ಕಾಣುವ 100 ಮೇಲ್ಮಿತಿ ಮಾತ್ರ, 2014ರ ನಿಯಮ ನಿಗದಿ ಮಾಡಿದ್ದು 50. ಆದ್ದರಿಂದ ‘ಪ್ರಿಸ್ಕ್ರೈಬ್ಡ್’ (ನಿಯಮದಲ್ಲಿ ನಿಗದಿಯಾದ) ಎಂಬ ಪದ ಕಂಡ ಕೂಡಲೇ ಪೆನ್ಸಿಲ್ ಗುರುತು ಹಾಕಿ, ಅದೇ ಪುಟದ ನಿಯಮ, ಅಧಿಸೂಚನೆಗಳ ಕಡೆ ಹೋಗಿ.

ಚೆಕ್ ಬೌನ್ಸ್ ಸೆಕ್ಷನ್‌ನಲ್ಲಿ ಬಲೆ ಇನ್ನೂ ಸೂಕ್ಷ್ಮ. 1881ರ ವರ್ಗಾವಣೀಯ ಪತ್ರಗಳ ಕಾಯ್ದೆಯ ಸೆಕ್ಷನ್ 138ರ ಪರಂತುಕದಲ್ಲಿ ಚೆಕ್ಕನ್ನು ಬ್ಯಾಂಕಿಗೆ ಹಾಕಲು ಆರು ತಿಂಗಳು ಎಂದಿದೆ, ಪಕ್ಕದಲ್ಲೇ ‘ಅಥವಾ ಚೆಕ್ಕಿನ ಮಾನ್ಯತೆಯ ಅವಧಿ, ಯಾವುದು ಮೊದಲೋ ಅದು’ ಎಂಬ ಅರ್ಥದ ಮಾತಿದೆ. 2012ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕ್ ಮಾನ್ಯತೆಯನ್ನು ಮೂರು ತಿಂಗಳಿಗೆ ಇಳಿಸಿದ್ದರಿಂದ ಆ ಆರು ತಿಂಗಳು ಈಗ ಕಾಗದದ ಮೇಲಷ್ಟೇ. ಗಡುವಿನ ಲೆಕ್ಕ ಹೀಗೆ ಸಾಗುತ್ತದೆ: ಚೆಕ್ ವಾಪಸಾದ ಬಗ್ಗೆ ಬ್ಯಾಂಕಿನ ಮೆಮೊ ಮಾರ್ಚ್ 5ರಂದು ಕೈಸೇರಿದರೆ 30 ದಿನದೊಳಗೆ, ಅಂದರೆ ಏಪ್ರಿಲ್ 4ರೊಳಗೆ ಚೆಕ್ ಬರೆದವರಿಗೆ ನೋಟಿಸ್ ಹೋಗಬೇಕು. ಅದು ಏಪ್ರಿಲ್ 10ರಂದು ತಲುಪಿದರೆ ಹಣ ಕೊಡಲು 25ರವರೆಗೆ 15 ದಿನ. 26ರಂದು ದಾವೆಯ ಕಾರಣ ಹುಟ್ಟುತ್ತದೆ, ಅಲ್ಲಿಂದ ಒಂದು ತಿಂಗಳೊಳಗೆ ದೂರು. ಕೊನೆಯ ಗಡುವು 138ರಲ್ಲಿಲ್ಲ, 142ರಲ್ಲಿದೆ. 138 ಒಂದನ್ನೇ ಓದಿ ಉತ್ತರ ಬರೆದವರಿಗೆ ಅರ್ಧ ಅಂಕ ಹೋಗುವುದು ಇದಕ್ಕೇ.

ಇಂಡಿಯಾ ಕೋಡ್‌ನಲ್ಲಿ ಇಲ್ಲದ್ದು ತೀರ್ಪುಗಳು. ಕರಾರು ಕಾಯ್ದೆಯ ಸೆಕ್ಷನ್ 11 ಅಪ್ರಾಪ್ತ ವಯಸ್ಕನಿಗೆ ಕರಾರು ಮಾಡಿಕೊಳ್ಳುವ ಅರ್ಹತೆ ಇಲ್ಲ ಎನ್ನುವಲ್ಲಿಗೆ ನಿಲ್ಲುತ್ತದೆ. ಅಂಥ ಒಪ್ಪಂದ ಬುಡದಿಂದಲೇ ಅನೂರ್ಜಿತ (ಕಾನೂನಿನಲ್ಲಿ ಬೆಲೆಯಿಲ್ಲದ್ದು) ಎಂದದ್ದು ಮೊಹೊರಿ ಬೀಬಿ ಪ್ರಕರಣದಲ್ಲಿ, 1903ರಲ್ಲಿ, ಬ್ರಿಟಿಷರ ಕಾಲದ ಅಂತಿಮ ಮೇಲ್ಮನವಿ ಪೀಠವಾದ ಪ್ರಿವಿ ಕೌನ್ಸಿಲ್. ಸೆಕ್ಷನ್ 27 ವ್ಯಾಪಾರ ನಿರ್ಬಂಧದ ಒಪ್ಪಂದವನ್ನು ಅನೂರ್ಜಿತ ಎನ್ನುತ್ತದೆ. ಕೆಲಸದಲ್ಲಿರುವಾಗ ಹಾಕುವ ನಿರ್ಬಂಧ ನಿಲ್ಲಬಹುದು ಎಂಬುದು 1967ರ ಗೋಲಿಕರಿ ತೀರ್ಪಿನಿಂದ ಬಂದದ್ದು. 2023ರ ಜನವರಿಯಲ್ಲಿ ಶುರುವಾದ ಸುಪ್ರೀಂ ಕೋರ್ಟಿನ ಆನ್‌ಲೈನ್ ತೀರ್ಪು ಸಂಗ್ರಹ ಇ-ಎಸ್‌ಸಿಆರ್‌ನಲ್ಲಿ ಗೋಲಿಕರಿ ಪುಕ್ಕಟೆ ಸಿಗುತ್ತದೆ. ಪ್ರಿವಿ ಕೌನ್ಸಿಲ್ ತೀರ್ಪಿಗೆ ಇಂಡಿಯನ್ ಕಾನೂನ್‌ನಂಥ ಬೇರೆ ಪುಕ್ಕಟೆ ತಾಣವನ್ನೋ ಕಾಲೇಜು ಗ್ರಂಥಾಲಯವನ್ನೋ ನೋಡಬೇಕು.

ಭಾಷೆ ಇನ್ನೊಂದು ತೊಡಕು. ಕೇಂದ್ರ ಕಾಯ್ದೆಗಳನ್ನು ಹೆಚ್ಚಾಗಿ ಇಂಗ್ಲಿಷ್‌ನಲ್ಲೇ ಓದಬೇಕು, ಅದೂ 1872ರ ಇಂಗ್ಲಿಷ್. ರಾಜ್ಯದ ಕಾಯ್ದೆಗಳಿಗೆ ಕರ್ನಾಟಕದ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ತಾಣವೇ ಮೇಲು, ಅಲ್ಲಿ ಕನ್ನಡ ಪಠ್ಯವೂ ಸಿಗುತ್ತದೆ. 1957ರ ಕರ್ನಾಟಕ ಸ್ಟಾಂಪ್ ಕಾಯ್ದೆಯನ್ನು ಬಿಸಿನೆಸ್ ವಿದ್ಯಾರ್ಥಿಗಳು ತಪ್ಪದೆ ನೋಡಬೇಕು. ಕರಾರು ಕಾಯ್ದೆಯ ಪ್ರಕಾರ ಎಲ್ಲ ಸರಿಯಿರುವ ಪತ್ರವೂ ಸಾಕಷ್ಟು ಸ್ಟಾಂಪ್ ಇಲ್ಲದಿದ್ದರೆ ಸ್ಟಾಂಪ್ ಕಾಯ್ದೆಯ ಸೆಕ್ಷನ್ 34ರ ಕೆಳಗೆ ಸಾಕ್ಷ್ಯಕ್ಕೆ ಬರುವುದಿಲ್ಲ. ಕಡಿಮೆ ಬಿದ್ದ ಶುಲ್ಕದ ಜೊತೆ ಹತ್ತು ಪಟ್ಟು ದಂಡ ಕಟ್ಟಿದ ಮೇಲೇ ಅದಕ್ಕೆ ಜೀವ.

ಹಾಗೆಂದು ಗೈಡ್ ಬೇಡವೇ ಬೇಡ ಎನ್ನುವಂತಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳಿಗೆ, ಉತ್ತರದ ಅಚ್ಚುಕಟ್ಟಿಗೆ ಅದು ಬೇಕು. ಕೊಳ್ಳುವ ಮೊದಲು ಅಂಗಡಿಯಲ್ಲೇ ನಿಂತು ತಿರುವಿ ನೋಡಿ. ಪಾಲುದಾರರ ಮಿತಿ 20 ಎಂದಿದ್ದರೆ, ಜಿಲ್ಲಾ ಗ್ರಾಹಕ ‘ವೇದಿಕೆ’ಗೆ 20 ಲಕ್ಷ ಎಂದಿದ್ದರೆ, ಕೋರ್ಟು ಪಾಲಕರನ್ನು ನೇಮಿಸಿದವರಿಗೆ ಪ್ರಾಪ್ತ ವಯಸ್ಸು 21 ಎಂದಿದ್ದರೆ (1999ರ ತಿದ್ದುಪಡಿಯ ನಂತರ ಎಲ್ಲರಿಗೂ 18) ಪುಸ್ತಕವನ್ನು ಕಪಾಟಿಗೆ ವಾಪಸ್ ಇಡಿ, ಮುಖಪುಟದ ಮೇಲೆ ‘ಹೊಸ ಆವೃತ್ತಿ’ ಎಂದು ಎಷ್ಟೇ ದಪ್ಪಕ್ಷರದಲ್ಲಿ ಅಚ್ಚಾಗಿದ್ದರೂ.